ಟಿಜಿ-6 ಕ್ಯಾಮೆರಾಗೆ ಪಿಟಿ-059 ಹೌಸಿಂಗ್: ಯಾರಿಗೆ ಬೇಕು, ಹೇಗೆ ಕಾಪಾಡಿಕೊಳ್ಳಬೇಕು

ಒಲಿಂಪಸ್ ಟಿಜಿ-6 ಯಾವ ಕವಚವೂ ಇಲ್ಲದೆ 15 ಮೀಟರ್ ಆಳದವರೆಗೆ ನೀರು ತಡೆಯುವ ಕ್ಯಾಮೆರಾ. ಹೀಗಿರುವಾಗ ಕ್ಯಾಮೆರಾ ಬೆಲೆಯ ಅರ್ಧಕ್ಕಿಂತ ಹೆಚ್ಚು ದುಡ್ಡು ಕೊಟ್ಟು ಪಿಟಿ-059 ಹೌಸಿಂಗ್ (ಕ್ಯಾಮೆರಾವನ್ನು ಒಳಗಿಟ್ಟು ಮುಚ್ಚುವ, ನೀರು ನುಗ್ಗದ ಪೆಟ್ಟಿಗೆ) ಯಾಕೆ ಕೊಳ್ಳಬೇಕು ಅನ್ನುವುದು ನ್ಯಾಯವಾದ ಪ್ರಶ್ನೆ. ಮೊದಲು ಅದಕ್ಕೇ ಉತ್ತರ ಹೇಳಿಬಿಡುತ್ತೇವೆ: ಸ್ನಾರ್ಕೆಲ್ ಮಾತ್ರ ಮಾಡುವವರಿಗೆ, ಅಂದರೆ ನೀರಿನ ಮೇಲ್ಮೈಯಲ್ಲೇ ತೇಲುತ್ತ ನೋಡುವವರಿಗೆ, ಇದು ಬೇಡ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದು ಸಲ ಮುಳುಗಿ ಬರುವವರಿಗೂ ಬೇಡ. ಹಾಗೆ ಮೊದಲ ಸಲ ಇಳಿಯುವವರಿಗೆ ಇರುವ ಮಿತಿಯೇ 12 ಮೀಟರ್. ಅಲ್ಲದೆ ಉಸಿರಾಟ, ಕಿವಿಯ ಒತ್ತಡ, ತೇಲುವಿಕೆ ಇನ್ನೂ ಕೈವಶವಾಗದವರ ಕೈಯಲ್ಲಿ ಕ್ಯಾಮೆರಾ ಇರಲೇಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಗಮನವೆಲ್ಲ ಪರದೆಯ ಮೇಲೆ ಹೋಗಿ, ತಾನು ಎಷ್ಟು ಆಳದಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ.

ಬೇಕಾಗುವುದು ಡೈವಿಂಗ್ ಕೋರ್ಸ್ ಮುಗಿಸಿದವರಿಗೆ. ಓಪನ್ ವಾಟರ್ ಎಂಬ ಮೊದಲ ಹಂತದ ಸರ್ಟಿಫಿಕೇಟ್ ಇದ್ದವರು 18 ಮೀಟರ್‌ವರೆಗೆ ಇಳಿಯಬಹುದು, ಅಡ್ವಾನ್ಸ್ಡ್ ಮಾಡಿದವರು 30ರವರೆಗೆ. ಬರಿಯ ಕ್ಯಾಮೆರಾದ 15 ಮೀಟರ್ ಅಲ್ಲಿಗೆ ಸಾಲದು. ಪಿಟಿ-059ರ ಮಿತಿ 45 ಮೀಟರ್. ಮನರಂಜನೆಗಾಗಿ ಮುಳುಗುವವರ ಕಟ್ಟಕಡೆಯ ಮಿತಿ 40 ಮೀಟರ್ ಆದ್ದರಿಂದ ಇಷ್ಟು ಧಾರಾಳವಾಗಿ ಸಾಕು.

ಆಳ ಒಂದೇ ಕಾರಣವೂ ಅಲ್ಲ. ಕ್ಯಾಮೆರಾದ ಬ್ಯಾಟರಿ ಬಾಗಿಲು, ಕೇಬಲ್ ಬಾಗಿಲುಗಳ ರಬ್ಬರ್ ಸೀಲುಗಳಿಗೂ ವಯಸ್ಸಾಗುತ್ತದೆ. ದಿನಕ್ಕೆರಡು ಡೈವ್‌ನಂತೆ 12-14 ಮೀಟರಿನಲ್ಲಿ ಮತ್ತೆ ಮತ್ತೆ ಇಳಿಸುತ್ತಿದ್ದರೆ ಆ ಸಣ್ಣ ಬಾಗಿಲು ಪ್ರತಿ ಸಲವೂ ತನ್ನ ಮಿತಿಯ ಹತ್ತಿರ ದುಡಿಯುತ್ತಿರುತ್ತದೆ. ಒಂದು ಕೂದಲು, ಒಂದು ಮರಳಿನ ಕಣ ಸಿಕ್ಕಿಕೊಂಡರೆ ಕತೆ ಮುಗಿಯಿತು. ಹೌಸಿಂಗ್ ಹಾಕಿದರೆ ಕ್ಯಾಮೆರಾದ ಹೊರಗೆ ಇನ್ನೊಂದು ಗೋಡೆ ಎದ್ದಂತೆ. ಈ ಜೋಡಿಯನ್ನು ನಾವು ನೀರೊಳಗಿನ ಚಿತ್ರ ತೆಗೆಯಲು ಹೊಸದಾಗಿ ಶುರು ಮಾಡುವ ಡೈವರ್‌ಗಳಿಗೆ ಶಿಫಾರಸು ಮಾಡುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಒಂದಿಂಚಿನ ಸೆನ್ಸರ್ ಇರುವ ಸೋನಿ ಆರ್‌ಎಕ್ಸ್100 ಸಾಲಿನ ಕ್ಯಾಮೆರಾಗಳ ಚಿತ್ರ ಇದಕ್ಕಿಂತ ಸ್ಪಷ್ಟವಾಗಿ ಚೆನ್ನಾಗಿರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವುಗಳ ಹೌಸಿಂಗ್‌ಗೆ ಎರಡು ಚಮಚ ಉಪ್ಪುನೀರು ನುಗ್ಗಿದರೆ ಕ್ಯಾಮೆರಾ ಸಾಯುತ್ತದೆ. ಟಿಜಿ-6 ಹತ್ತು ಮೀಟರಿನಲ್ಲಿ ಹೌಸಿಂಗ್ ಒಳಗೆ ಪೂರ್ತಿ ಮುಳುಗಿದರೂ, ಬಾಗಿಲುಗಳು ಸರಿಯಾಗಿ ಹಾಕಿದ್ದರೆ, ಸಿಹಿನೀರಲ್ಲಿ ತೊಳೆದು ಮತ್ತೆ ಬಳಸಬಹುದು. 25 ಮೀಟರಿನಲ್ಲಿ ನೀರು ನುಗ್ಗಿದರೆ ಮಾತ್ರ ಆ ಭರವಸೆ ಇಲ್ಲ. ಅಲ್ಲಿನ ಒತ್ತಡ ಕ್ಯಾಮೆರಾದ ಸ್ವಂತ ಮಿತಿಯನ್ನು ದಾಟಿರುತ್ತದೆ. ಆದ್ದರಿಂದ ಹೌಸಿಂಗ್ ಇದೆಯಲ್ಲ ಅಂತ ಕ್ಯಾಮೆರಾದ ಬಾಗಿಲಿನ ಲಾಕ್ ನೋಡದೆ ಒಳಗಿಡಬೇಡಿ.

ಯಾವುದಕ್ಕೆ ಯಾವುದು ಹೊಂದುತ್ತದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡೋಣ. ಟಿಜಿ-6 ಬಂದದ್ದು 2019ರಲ್ಲಿ. 2021ರ ಜನವರಿಯಲ್ಲಿ ಒಲಿಂಪಸ್‌ನ ಕ್ಯಾಮೆರಾ ವ್ಯವಹಾರ ಓಎಂ ಡಿಜಿಟಲ್ ಸೊಲ್ಯೂಷನ್ಸ್ ಕೈಗೆ ಹೋಯಿತು, 2023ರಲ್ಲಿ ಓಎಂ ಸಿಸ್ಟಮ್ ಹೆಸರಿನಲ್ಲಿ ಟಿಜಿ-7 ಬಂತು. ಪಿಟಿ-059 ಈ ಎರಡಕ್ಕೂ ಆಗುತ್ತದೆ. ಟಿಜಿ-5ಕ್ಕೆ ಮಾಡಿದ್ದು ಪಿಟಿ-058. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹೌಸಿಂಗ್ ಮೇಲಿನ ಸಂಖ್ಯೆ ಓದಿಯೇ ದುಡ್ಡು ಕೊಡಿ, ಎರಡೂ ನೋಡಲು ಅಣ್ಣತಮ್ಮಂದಿರ ಹಾಗಿವೆ.

ಪೆಟ್ಟಿಗೆ ಪಾಲಿಕಾರ್ಬೊನೇಟ್‌ನದು. ಶಟರ್ ಲಿವರ್, ಜೂಮ್ ಲಿವರ್, ಮೋಡ್ ಡಯಲ್ ತಿರುಗಿಸುವ ಗುಂಡಿ, ಹಿಂಬದಿಯ ಬಟನ್‌ಗಳು, ಎಲ್ಲವೂ ಹೊರಗಿನಿಂದ ಕೈಗೆ ಸಿಗುತ್ತವೆ. ಶಟರ್ ಲಿವರ್ ಉದ್ದವಾಗಿರುವುದರಿಂದ ಅರ್ಧ ಒತ್ತಿ ಫೋಕಸ್ ಹಿಡಿಯುವುದು ಗ್ಲೌಸ್ ಹಾಕಿದ ಬೆರಳಿಗೂ ತಿಳಿಯುತ್ತದೆ; ಬರಿಯ ಕ್ಯಾಮೆರಾದ ಪುಟಾಣಿ ಬಟನ್‌ಗಳಲ್ಲಿ ಈ ಸುಖ ಇಲ್ಲ. ಲೆನ್ಸ್ ಮುಂದಿನ ಗಾಜಿನ ಸುತ್ತ ಬೇರೆ ಲೆನ್ಸ್ ತಿರುಗಿಸಿ ಕೂರಿಸಲು 52 ಮಿಲಿಮೀಟರ್ ಥ್ರೆಡ್ ಇದೆ. ಹೊರಗಿನ ಸ್ಟ್ರೋಬ್‌ಗೆ (ನೀರೊಳಗೆ ಬಳಸುವ ಪ್ರತ್ಯೇಕ ಫ್ಲಾಶ್) ಫೈಬರ್ ಆಪ್ಟಿಕ್ ಕೇಬಲ್ ಸಿಕ್ಕಿಸುವ ಜಾಗವೂ ಇದೆ. ಇಲ್ಲದಿರುವುದು ನೀರು ಬಂದರೆ ಎಚ್ಚರಿಸುವ ಸೆನ್ಸರ್ ಮತ್ತು ಗಾಳಿ ಎಳೆದು ಸೋರಿಕೆ ಪರೀಕ್ಷಿಸುವ ವಾಲ್ವ್. ಫೋನ್‌ಗೆಂದು ಮಾಡಿದ ಸೀಲೈಫ್ ಸ್ಪೋರ್ಟ್‌ಡೈವರ್‌ನಲ್ಲಿ ಇವೆರಡೂ ಇರುವಾಗ ಈ ಬೆಲೆಯ ಹೌಸಿಂಗ್‌ನಲ್ಲಿ ಇಲ್ಲ ಎಂಬುದು ನಿಜಕ್ಕೂ ಕೊರತೆಯೇ. ಆ ಕೊರತೆಯನ್ನು ಕೈಕೆಲಸದಿಂದ ತುಂಬಬೇಕು.

ಆ ಕೈಕೆಲಸ ಶುರುವಾಗುವುದು ಓ-ರಿಂಗ್‌ನಿಂದ. ಮುಚ್ಚಳದ ಸುತ್ತ ಕೂರುವ ಈ ರಬ್ಬರ್ ಬಳೆಯೇ ನೀರು ತಡೆಯುವುದು. ಗ್ರೀಸ್ ಹಚ್ಚುವುದು ಸಂದು ಮುಚ್ಚಲಿಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಗ್ರೀಸ್ ಇರುವುದು ಮುಚ್ಚುವಾಗ ರಬ್ಬರ್ ಎಳೆದಾಡದೆ ಜಾರಿ ತನ್ನ ಜಾಗದಲ್ಲಿ ಕೂರಲಿ, ಒಣಗಿ ಸವೆಯದಿರಲಿ ಅಂತ. ಹೆಚ್ಚು ಬಳಿದರೆ ಹೆಚ್ಚು ಭದ್ರ ಎಂದುಕೊಂಡು ಮೆತ್ತಿದವರ ಓ-ರಿಂಗ್ ಮೇಲೆ ಮರಳು, ಟವೆಲ್‌ನ ಎಳೆ, ತಲೆಗೂದಲು ಎಲ್ಲ ಬಂದು ಅಂಟುತ್ತವೆ. ಸೋರಿಕೆಗೆ ಕಾರಣ ಆಗುವುದು ಅವೇ. ಒಂದೇ ಒಂದು ಕೂದಲು ಓ-ರಿಂಗ್ ಮೇಲೆ ಅಡ್ಡ ಬಿದ್ದರೂ ಅದರ ಎರಡೂ ಬದಿಗೆ ಸಣ್ಣ ಸಂದು ಉಳಿಯುತ್ತದೆ, ನೀರು ಆ ಸಂದಿನಲ್ಲೇ ತೆವಳಿಕೊಂಡು ಒಳಗೆ ಬರುತ್ತದೆ.

ಓ-ರಿಂಗ್ ತೆಗೆಯಲು ಸೂಜಿ, ಚಾಕು, ಸ್ಕ್ರೂಡ್ರೈವರ್ ಏನನ್ನೂ ಮುಟ್ಟಬೇಡಿ. ಎರಡು ಹೆಬ್ಬೆರಳಿಂದ ರಿಂಗನ್ನು ಅಕ್ಕಪಕ್ಕದಿಂದ ಒಂದೆಡೆಗೆ ದೂಡಿದರೆ ನಡುವೆ ಉಬ್ಬಿ ಸಣ್ಣ ಕುಣಿಕೆ ಏಳುತ್ತದೆ. ಅದನ್ನು ಹಿಡಿದು ಮೆಲ್ಲಗೆ ಎತ್ತಿದರಾಯಿತು. ಎಳೆದು ಉದ್ದ ಮಾಡಬಾರದು. ನಲ್ಲಿಯ ಸಿಹಿನೀರಲ್ಲಿ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಒತ್ತಿ ಒರೆಸಿ. ಆಮೇಲೆ ಕಣ್ಣು ಮುಚ್ಚಿಕೊಂಡು ಬೆರಳುಗಳ ನಡುವೆ ಇಡೀ ಸುತ್ತು ಜಾರಿಸಿ ನೋಡಿ. ಕಣ್ಣಿಗೆ ಕಾಣದ ಗೀರು, ಚಪ್ಪಟೆಯಾದ ಜಾಗ, ಅಂಟಿಕೊಂಡ ಮರಳು ಬೆರಳಿಗೆ ಕೂಡಲೇ ಗೊತ್ತಾಗುತ್ತದೆ. ರಿಂಗ್ ಕೂರುವ ತೋಡನ್ನೂ, ಮುಚ್ಚಳದಲ್ಲಿ ರಿಂಗ್ ಒತ್ತಿ ಕೂರುವ ನುಣುಪಾದ ಅಂಚನ್ನೂ ಒರೆಸಬೇಕು. ಕಿವಿಗೆ ಹಾಕುವ ಹತ್ತಿಯ ಕಡ್ಡಿ ಇದಕ್ಕೆ ಬೇಡ, ಅದೇ ಎಳೆ ಬಿಡುತ್ತದೆ. ತುದಿಗೆ ಸ್ಪಂಜ್ ಇರುವ ಕಡ್ಡಿ ಆಗಬಹುದು. ಗ್ರೀಸ್ ಬೆರಳ ತುದಿಗೆ ಐದು ಮಿಲಿಮೀಟರ್‌ನಷ್ಟು ಹಿಂಡಿಕೊಂಡರೆ ಇಡೀ ರಿಂಗ್‌ಗೆ ಸಾಕು. ರಿಂಗ್ ಒಂದೇ ಸಮನೆ ಹೊಳೆಯಬೇಕು, ಎಲ್ಲೂ ಬಿಳಿ ಗಂಟು ಕಾಣಬಾರದು. ಮತ್ತೆ ಕೂರಿಸುವಾಗ ತಿರುಚಿಕೊಂಡಿಲ್ಲ ಎಂದು ಮೂಲೆಗಳಲ್ಲಿ ವಿಶೇಷವಾಗಿ ನೋಡಿ.

ಗ್ರೀಸ್ ಮಾತ್ರ ಹೌಸಿಂಗ್ ತಯಾರಕರು ಕೊಡುವುದನ್ನೇ ಬಳಸಿ. ಎಲ್ಲ ಓ-ರಿಂಗ್‌ಗಳ ರಬ್ಬರ್ ಒಂದೇ ಜಾತಿಯದಲ್ಲ. ಹೊಂದದ ಗ್ರೀಸ್ ತಗುಲಿದರೆ ರಬ್ಬರ್ ಉಬ್ಬಿ ತೋಡಿನಿಂದ ಹೊರಗೆ ಬರುತ್ತದೆ, ಮುಚ್ಚಳದಡಿ ಸಿಕ್ಕಿ ಜಜ್ಜಿಹೋಗುತ್ತದೆ. ವ್ಯಾಸಲಿನ್, ಕೊಬ್ಬರಿ ಎಣ್ಣೆ, ಗಾಡಿಯ ಗ್ರೀಸ್ ಇವುಗಳ ಮಾತೇ ಬೇಡ. ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಓ-ರಿಂಗ್ ಬದಲಿಸಿ, ಒಂದು ಹೆಚ್ಚಿನದು ಯಾವಾಗಲೂ ಚೀಲದಲ್ಲಿರಲಿ. ನಡುಗಡ್ಡೆಯ ಡೈವ್ ಅಂಗಡಿಯಲ್ಲಿ ನಿಮ್ಮ ಮಾಡೆಲ್‌ನದೇ ಸಿಗುತ್ತದೆಂದು ನಂಬಿ ಹೋಗಬೇಡಿ.

ಹೊಸ ಹೌಸಿಂಗನ್ನು ಕ್ಯಾಮೆರಾ ಸಮೇತ ಎಂದೂ ಮೊದಲ ಸಲ ಮುಳುಗಿಸಬಾರದು. ಒಳಗೆ ಟಿಶ್ಯೂ ಪೇಪರ್ ಇಟ್ಟು ಮುಚ್ಚಿ, ಬಕೆಟ್ ನೀರಿನಲ್ಲಿ ಐದು ನಿಮಿಷ ಕೈಯಲ್ಲಿ ಒತ್ತಿ ಹಿಡಿಯಿರಿ. ಒಂದೊಂದೇ ಬಟನ್ ಒತ್ತಿ, ಡಯಲ್ ತಿರುಗಿಸಿ. ಪ್ರತಿ ಬಟನ್‌ನ ಕಡ್ಡಿಯ ಸುತ್ತಲೂ ನಾವು ಬಿಚ್ಚಲಾಗದ ಸಣ್ಣ ಓ-ರಿಂಗ್ ಇರುತ್ತದೆ, ಸೋರಿದರೆ ಅಲ್ಲಿಂದಲೂ ಸೋರಬಹುದು. ಗುಳ್ಳೆಗಳ ಸಾಲು ಎಲ್ಲಿಂದ ಏಳುತ್ತದೆ ನೋಡಿ: ಹೊರಮೈಗೆ ಅಂಟಿದ್ದ ಗಾಳಿಯಾದರೆ ನಾಲ್ಕಾರು ಗುಳ್ಳೆ ಬಂದು ನಿಲ್ಲುತ್ತದೆ, ಸೋರಿಕೆಯಾದರೆ ಒಂದೇ ಜಾಗದಿಂದ ಬರುತ್ತಲೇ ಇರುತ್ತದೆ. ಆಮೇಲೆ ಖಾಲಿ ಹೌಸಿಂಗನ್ನೇ ಒಂದು ಡೈವ್‌ಗೆ ಕೊಂಡೊಯ್ಯಿರಿ. ಟಿಶ್ಯೂ ಒಣಗಿದ್ದರೆ ಮುಂದಿನ ಸಲ ಕ್ಯಾಮೆರಾ.

ಬಕೆಟ್ ಪರೀಕ್ಷೆಯಿಂದ ಏನಾಗುತ್ತದೆ, ಆಳದ ಒತ್ತಡ ಅಲ್ಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ವಿಷಯ ಉಲ್ಟಾ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಆ ಒತ್ತಡವೇ ಮುಚ್ಚಳವನ್ನು ಓ-ರಿಂಗ್ ಮೇಲೆ ಇನ್ನಷ್ಟು ಬಿಗಿಯಾಗಿ ಅದುಮುತ್ತದೆ. ಮುಚ್ಚಳ ಸಡಿಲವಾಗಿರುವುದು ಮೊದಲ ಒಂದೆರಡು ಮೀಟರಿನಲ್ಲೇ. ಆದ್ದರಿಂದ ಕೂದಲು, ಎಳೆಯಿಂದ ಆಗುವ ಸೋರಿಕೆ ಬಹುಪಾಲು ಮೇಲ್ಗಡೆಯೇ, ದೋಣಿಯ ಪಕ್ಕದಲ್ಲೇ ಶುರುವಾಗುತ್ತದೆ. ಇದೇ ಕಾರಣಕ್ಕೆ ಕ್ಯಾಮೆರಾ ಹಿಡಿದುಕೊಂಡು ದೋಣಿಯಿಂದ ಧುಮುಕಬೇಡಿ. ಆ ಹೊಡೆತಕ್ಕೆ ನೀರು ಸಂದಿಗೆ ನುಗ್ಗುತ್ತದೆ, ಮುಚ್ಚಳ ಬಿಗಿಯುವ ಬಕಲ್ ಸಹ ಬಿಚ್ಚಿಕೊಳ್ಳಬಹುದು. ನೀವು ನೀರಿಗಿಳಿದ ಮೇಲೆ ದೋಣಿಯವರಿಂದ ಕೈಗೆ ಇಸಿದುಕೊಳ್ಳಿ. ಮೂರು ಮೀಟರಿನಲ್ಲಿ ಒಂದು ಕ್ಷಣ ನಿಂತು, ಕ್ಯಾಮೆರಾವನ್ನು ಓರೆ ಮಾಡಿ, ಪಾರದರ್ಶಕ ಮುಚ್ಚಳದ ಕೆಳಮೂಲೆಯಲ್ಲಿ ನೀರ ಹನಿ ಇದೆಯೇ ನೋಡಿಕೊಂಡೇ ಮುಂದೆ ಇಳಿಯಿರಿ. ಆಳದಲ್ಲಿ ನೀರು ಕಂಡರೂ ದಡಬಡ ಮೇಲೇರಬಾರದು. ಏರುವ ವೇಗ, ಐದು ಮೀಟರಿನ ಮೂರು ನಿಮಿಷದ ನಿಲುಗಡೆ ಎಂದಿನಂತೆಯೇ ಇರಬೇಕು. ಕ್ಯಾಮೆರಾಗಿಂತ ಮೈ ದೊಡ್ಡದು.

ಒಳಗಿಡುವ ಮೊದಲು ಕ್ಯಾಮೆರಾದ ಕೈಪಟ್ಟಿ ಬಿಚ್ಚಿ. ಮುಚ್ಚಳದಡಿ ಸಿಕ್ಕಿಕೊಳ್ಳುವುದರಲ್ಲಿ ಅದು ಮೊದಲನೆಯದು, ಸಿಲಿಕಾ ಜೆಲ್ ಚೀಲದ ಮೂಲೆ ಎರಡನೆಯದು. ಮೇಲ್ಭಾಗದಲ್ಲಿ ಹೋದ ಜಾಗ ದಾಖಲಿಸುವ ಲಾಗ್ ಸ್ವಿಚ್ ಆಫ್ ಇರಲಿ. ಆನ್ ಇದ್ದರೆ ಜಿಪಿಎಸ್ ಸುಮ್ಮನೆ ಬ್ಯಾಟರಿ ತಿನ್ನುತ್ತಿರುತ್ತದೆ, ನೀರೊಳಗೆ ಅದಕ್ಕೆ ಉಪಗ್ರಹದ ಸಿಗ್ನಲ್ಲೂ ಸಿಗುವುದಿಲ್ಲ. ಬ್ಯಾಟರಿ ತುಂಬಿದೆಯೇ, ಕಾರ್ಡ್ ಖಾಲಿ ಇದೆಯೇ ಎಂದು ದಡದಲ್ಲೇ ನೋಡಿ. ದೋಣಿಯ ಮೇಲೆ ಹೌಸಿಂಗ್ ತೆರೆಯುವ ಪ್ರಸಂಗವೇ ಬರಬಾರದು. ಒದ್ದೆ ತಲೆಯಿಂದ ಒಂದು ಹನಿ ಒಳಗೆ ಬಿದ್ದರೂ ಮುಂದಿನ ಡೈವ್ ಪೂರ್ತಿ ಗಾಜು ಮಂಜು ಕಟ್ಟಿರುತ್ತದೆ.

ಮಂಜು ಕಟ್ಟುವುದು ಸೋರಿಕೆಯಲ್ಲ, ಆದರೆ ಚಿತ್ರ ಹಾಳು ಮಾಡುವುದರಲ್ಲಿ ಅದಕ್ಕಿಂತ ಮುಂದೆ. ಕರಾವಳಿಯ ತೇವದ ಗಾಳಿಯನ್ನು ಒಳಗೆ ಮುಚ್ಚಿಬಿಟ್ಟಿದ್ದೀರಿ. ಕ್ಯಾಮೆರಾ, ಅದರಲ್ಲೂ ವಿಡಿಯೊ ತೆಗೆಯುವಾಗ, ಬಿಸಿಯಾಗುತ್ತದೆ. ಹೊರಗಿನ ನೀರು ಲೆನ್ಸ್ ಮುಂದಿನ ಗಾಜನ್ನು ತಣ್ಣಗೆ ಮಾಡುತ್ತದೆ. ಒಳಗಿನ ತೇವವೆಲ್ಲ ಹೋಗಿ ಕೂರುವುದು ಆ ತಣ್ಣನೆ ಗಾಜಿನ ಒಳಮೈ ಮೇಲೆ. ಪರಿಹಾರ ಸುಲಭ: ಎಸಿ ಇರುವ ಕೋಣೆಯಲ್ಲಿ, ಒಣ ಗಾಳಿಯಲ್ಲಿ ಮುಚ್ಚಿ. ಪ್ರತಿ ದಿನ ಹೊಸ ಸಿಲಿಕಾ ಜೆಲ್ ಚೀಲ ಕ್ಯಾಮೆರಾದ ಕೆಳಗಿನ ಜಾಗದಲ್ಲಿ ಸಪಾಟಾಗಿ ಇಡಿ. ದೋಣಿಯಲ್ಲಿ ಬಿಸಿಲಿಗೆ ಬಿಡದೆ ಒದ್ದೆ ಟವೆಲ್ ಸುತ್ತಿ ನೆರಳಲ್ಲಿಡಿ. ಇಷ್ಟು ಮಾಡಿದರೆ ಮಂಜಿನ ತೊಂದರೆ ಮುಕ್ಕಾಲು ಪಾಲು ಹೋಗುತ್ತದೆ.

ಈಗ ಚಿತ್ರದ ಮಾತು. ಈ ಜೋಡಿ ನಿಜವಾಗಿ ಮಿಂಚುವುದು ಪುಟ್ಟ ಜೀವಿಗಳ ಮುಂದೆ. ಟಿಜಿ-6ರ ಮೈಕ್ರೋಸ್ಕೋಪ್ ಮೋಡ್ ಲೆನ್ಸ್‌ನಿಂದ ಒಂದು ಸೆಂಟಿಮೀಟರ್ ದೂರದಲ್ಲೂ ಫೋಕಸ್ ಹಿಡಿಯುತ್ತದೆ, ಅದೂ ಜೂಮ್ ಪೂರ್ತಿ ಎಳೆದಿರುವಾಗ. ಬಂಡೆಯ ಮೇಲೆ ಬೆರಳ ಉಗುರಿನಷ್ಟು ಇರುವ ನುಡಿಬ್ರಾಂಕ್‌ನ (ಚಿಪ್ಪಿಲ್ಲದ ಕಡಲ ಬಸವನಹುಳು) ಬೆನ್ನಿನ ಕಿವಿರುಗಳ ಒಂದೊಂದು ಕವಲೂ, ಕ್ಲೀನರ್ ಸಿಗಡಿಯ ಮೀಸೆಯೂ ಬೇರೆ ಯಾವ ಲೆನ್ಸ್ ಸೇರಿಸದೆ ಸಿಗುತ್ತವೆ. ಈ ಬೆಲೆಯ ಬೇರೆ ಕ್ಯಾಮೆರಾಗಳಲ್ಲಿ ಇದು ಸಿಗುವುದು ಕಷ್ಟ. ತೀರಾ ಹತ್ತಿರ ಹೋಗುವುದರ ತೊಂದರೆ ಅಂದರೆ ಹೌಸಿಂಗ್‌ನ ಮೂತಿಯ ನೆರಳು ಜೀವಿಯ ಮೇಲೇ ಬೀಳುತ್ತದೆ, ಸ್ಟ್ರೋಬ್ ಬೆಳಕೂ ಅಲ್ಲಿಗೆ ತಲುಪುವುದಿಲ್ಲ. ಐದಾರು ಸೆಂಟಿಮೀಟರ್ ಹಿಂದೆ ಸರಿದು ಜೂಮ್ ಮಾಡಿ, ಜೀವಿಯೂ ಹೆದರುವುದಿಲ್ಲ. ಹವಳಕ್ಕೆ ಕೈಯೂರಿ, ಮಂಡಿಯೂರಿ ಚಿತ್ರ ತೆಗೆಯುವವರನ್ನು ಕಂಡರೆ ನಮಗೆ ಸಂಕಟವಾಗುತ್ತದೆ. ನಿಂತಲ್ಲೇ ತೇಲಲು ಬಾರದಿದ್ದರೆ ಆ ಚಿತ್ರ ಬಿಟ್ಟುಬಿಡಿ. ಕ್ಯಾಮೆರಾದೊಳಗೇ ಹಲವು ಚಿತ್ರ ಜೋಡಿಸುವ ಫೋಕಸ್ ಸ್ಟ್ಯಾಕಿಂಗ್ ನೆಲದ ಮೇಲೆ ಚೆಂದ, ಅಲೆಯಾಡುವ ನೀರಿನಲ್ಲಿ ಕೈಕೊಡುತ್ತದೆ.

ದೊಡ್ಡ ನೋಟಕ್ಕೆ ಇದು ಅಷ್ಟು ಒಗ್ಗುವುದಿಲ್ಲ. ಚಪ್ಪಟೆ ಗಾಜಿನ ಮೂಲಕ ನೋಡುವಾಗ ನೀರಿನ ವಕ್ರೀಭವನದಿಂದ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಕ್ಯಾಮೆರಾದ 25 ಮಿಲಿಮೀಟರ್ ವೈಡ್ ನೀರಲ್ಲಿ ಸುಮಾರು 33ರಂತೆ ವರ್ತಿಸುತ್ತದೆ. ಇಡೀ ಬಂಡೆ, ಜೊತೆಗಾರ ಡೈವರ್ ಚೌಕಟ್ಟಿನಲ್ಲಿ ಕೂರಬೇಕಾದರೆ ಹಿಂದೆ ಸರಿಯಬೇಕು. ಸರಿದಷ್ಟೂ ನಡುವೆ ನೀರು ಹೆಚ್ಚು, ಬಣ್ಣ ಕಡಿಮೆ. 52ರ ಥ್ರೆಡ್‌ಗೆ 67 ಮಿಲಿಮೀಟರ್‌ನ ಸ್ಟೆಪ್-ಅಪ್ ರಿಂಗ್ ಹಾಕಿ ವೈಡ್ ವೆಟ್ ಲೆನ್ಸ್ (ಹೌಸಿಂಗ್ ಹೊರಗೆ, ನೀರಲ್ಲೇ ಹಾಕಿ ತೆಗೆಯಬಹುದಾದ ಲೆನ್ಸ್) ಸೇರಿಸಬಹುದು. ಅದನ್ನು ದಡದಲ್ಲೇ ಬಿಗಿದರೆ ಎರಡು ಗಾಜುಗಳ ನಡುವೆ ಗಾಳಿ ಉಳಿದು ಚಿತ್ರದ ನಡುವೆ ಗೆರೆ ಮೂಡುತ್ತದೆ. ನೀರೊಳಗೆ ಹೋದ ಮೇಲೆ ಎರಡು ಸುತ್ತು ಸಡಿಲಿಸಿ, ಅಲುಗಾಡಿಸಿ, ಗುಳ್ಳೆ ಹೋದ ಮೇಲೆ ಬಿಗಿಯಿರಿ.

ಕೆಂಪು ಬಣ್ಣ ಐದಾರು ಮೀಟರಿನಲ್ಲೇ ಬಹುಪಾಲು ಹೋಗಿರುತ್ತದೆ, ಕಿತ್ತಳೆ ಅದರ ಹಿಂದೆಯೇ. ಕ್ಯಾಮೆರಾದಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಆಳಕ್ಕೆಂದು ಮೂರು ನೀರೊಳಗಿನ ವೈಟ್ ಬ್ಯಾಲೆನ್ಸ್ (ಬಣ್ಣ ಸರಿಪಡಿಸುವ ಹೊಂದಿಕೆ) ಇವೆ. ಬರಿಯ ಬಿಸಿಲ ಬೆಳಕಲ್ಲಿ ತೆಗೆಯುವವರಿಗೆ ಅವು ತಕ್ಕಮಟ್ಟಿಗೆ ಸಾಕು. ಇನ್ನೂ ನಿಖರ ಬೇಕಿದ್ದರೆ ಬಿಳಿ ಸ್ಲೇಟ್ ಹಿಡಿದು ನಾಲ್ಕೈದು ಮೀಟರ್ ಇಳಿದಾಗಲೆಲ್ಲ ಹೊಸದಾಗಿ ಹೊಂದಿಸಿ. ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರವಾದ ರಾ ಫೈಲ್ ಉಳಿಸಿಕೊಂಡರೆ ಮನೆಗೆ ಬಂದ ಮೇಲೂ ತಿದ್ದಬಹುದು, ಆದರೆ ನೀರು ನುಂಗಿದ ಕೆಂಪನ್ನು ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ವಾಪಸ್ ತರಲಾರದು. ಅದಕ್ಕೆ ಬೆಳಕು ಒಯ್ಯಲೇಬೇಕು. ಸ್ಟ್ರೋಬ್ ಇದ್ದಾಗ ನೀರೊಳಗಿನ ವೈಟ್ ಬ್ಯಾಲೆನ್ಸ್ ಆಗಲಿ ಕೆಂಪು ಫಿಲ್ಟರ್ ಆಗಲಿ ಬೇಡ, ಹಾಕಿದರೆ ಮೀನಿನ ಮುಖವೆಲ್ಲ ಕುಂಕುಮ ಬಳಿದ ಹಾಗಾಗುತ್ತದೆ.

ಕ್ಯಾಮೆರಾದ್ದೇ ಫ್ಲಾಶ್ ನೇರವಾಗಿ ಬಳಸಿದರೆ ಚಿತ್ರದ ತುಂಬ ಬಿಳಿ ಚುಕ್ಕೆ. ಫ್ಲಾಶ್ ಲೆನ್ಸ್‌ಗೆ ಅಂಟಿಕೊಂಡೇ ಇರುವುದರಿಂದ ನೀರಲ್ಲಿ ತೇಲುವ ಪ್ರತಿ ಕಣದಿಂದಲೂ ಬೆಳಕು ನೇರವಾಗಿ ವಾಪಸ್ ಬರುತ್ತದೆ. ನಮ್ಮ ಪಶ್ಚಿಮ ಕರಾವಳಿಯ ನೀರಿನಲ್ಲಿ ಈ ತೊಂದರೆ ಹೆಚ್ಚು. ಸ್ಟ್ರೋಬನ್ನು ತೋಳಿನ ಮೇಲೆ ಪಕ್ಕಕ್ಕೆ ಚಾಚಿ, ಸ್ವಲ್ಪ ಹೊರಮುಖವಾಗಿ ತಿರುಗಿಸಿ, ಬೆಳಕಿನ ಅಂಚು ಮಾತ್ರ ಮೀನಿಗೆ ತಾಗುವಂತೆ ಇಟ್ಟರೆ ಕಣಗಳು ಕತ್ತಲಲ್ಲೇ ಉಳಿಯುತ್ತವೆ. ಫೈಬರ್ ಕೇಬಲ್ ಕ್ಯಾಮೆರಾದ ಫ್ಲಾಶ್‌ನ ಬೆಳಕನ್ನು ಒಯ್ದು ಸ್ಟ್ರೋಬನ್ನು ಹೊತ್ತಿಸುತ್ತದೆ, ಹಾಗಾಗಿ ಫ್ಲಾಶನ್ನು ಪ್ರತಿ ಸಲವೂ ಹೊಡೆಯುವ ಫಿಲ್-ಇನ್‌ಗೆ ಇಡಿ. ಆಟೊದಲ್ಲಿಟ್ಟರೆ ಬೆಳಕು ಸಾಕೆಂದು ತಾನೇ ನಿರ್ಧರಿಸಿ ಹೊಡೆಯದೆ ಉಳಿಯುತ್ತದೆ. ಚಿತ್ರ ಕಪ್ಪಾಗುತ್ತಿದ್ದರೆ ಕಾರಣ ಬಹಳ ಸಲ ಪ್ರೀ-ಫ್ಲಾಶ್, ಅಂದರೆ ಬೆಳಕು ಅಳೆಯಲು ಕ್ಯಾಮೆರಾ ಮೊದಲೇ ಹೊಡೆಯುವ ಸಣ್ಣ ಮಿಂಚು: ಸ್ಟ್ರೋಬ್ ಅದಕ್ಕೇ ಹೊಡೆದು, ನಿಜವಾದ ಕ್ಷಣಕ್ಕೆ ಖಾಲಿಯಾಗಿರುತ್ತದೆ. ಸ್ಟ್ರೋಬ್‌ನಲ್ಲಿ ಪ್ರೀ-ಫ್ಲಾಶ್ ಬಿಟ್ಟುಬಿಡುವ ಆಯ್ಕೆ ಇದೆಯೇ ಎಂದು ನೋಡಿಯೇ ಕೊಳ್ಳಿ.

ಕ್ಯಾಮೆರಾದ ಮಿತಿಗಳೂ ಗೊತ್ತಿರಲಿ. 12 ಮೆಗಾಪಿಕ್ಸೆಲ್‌ನ ಪುಟ್ಟ ಸೆನ್ಸರ್, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 800 ದಾಟಿದರೆ ಚಿತ್ರ ಕಾಳುಕಾಳು. ಪೂರ್ತಿ ಮ್ಯಾನುಯಲ್ ಮೋಡ್ ಇಲ್ಲ, ಶಟರ್ ವೇಗ ನಾವು ಇಡಲಾಗದು. ಬೆಳಕು ಒಳಬಿಡುವ ಕಿಂಡಿಯಾದ ಅಪರ್ಚರ್ ಕೂಡ ವೈಡ್‌ನಲ್ಲಿ 2, 2.8, 8 ಎಂಬ ಮೂರೇ ಮೆಟ್ಟಿಲು. ನೀಲಿ ಹಿನ್ನೆಲೆಯ ಕಡುಪನ್ನು ತಾನೇ ನಿಯಂತ್ರಿಸಬೇಕು ಅನ್ನುವವರಿಗೆ ಇದು ಬೇಗ ಸಾಕಾಗಿಬಿಡುತ್ತದೆ. ಅಂಥವರು ಮೊದಲೇ ಆರ್‌ಎಕ್ಸ್100 ಕಡೆ ಹೋಗುವುದು ಒಳ್ಳೆಯದು. ಉಳಿದವರು ಡಯಲ್‌ನ ಸಿ1ರಲ್ಲಿ ಮೈಕ್ರೋಸ್ಕೋಪ್, ಫ್ಲಾಶ್ ಆನ್, ಐಎಸ್‌ಒ 100; ಸಿ2ರಲ್ಲಿ ವೈಡ್, ಫ್ಲಾಶ್ ಆಫ್, ನೀರೊಳಗಿನ ವೈಟ್ ಬ್ಯಾಲೆನ್ಸ್ ಹೀಗೆ ಉಳಿಸಿಕೊಂಡರೆ ಆಳದಲ್ಲಿ ಮೆನು ಹುಡುಕುವ ಕೆಲಸ ತಪ್ಪುತ್ತದೆ.

ಹೌಸಿಂಗ್ ಹಾಳಾಗುವುದು ಬಹುಪಾಲು ಡೈವ್ ಮುಗಿದ ಮೇಲೆ. ಉಪ್ಪುನೀರು ಬಟನ್ ಕಡ್ಡಿಗಳ ಸುತ್ತ ಒಣಗಿದರೆ ಹರಳುಗಟ್ಟುತ್ತದೆ, ಮುಂದಿನ ಸಲ ಒತ್ತಿದಾಗ ಆ ಹರಳೇ ಸಣ್ಣ ಓ-ರಿಂಗನ್ನು ಗೀರುತ್ತದೆ. ಒಣಗಲು ಬಿಡದೆ, ಕ್ಯಾಮೆರಾ ಒಳಗಿರುವಂತೆಯೇ, ಮುಚ್ಚಿದ ಸ್ಥಿತಿಯಲ್ಲೇ, ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ನೆನೆಯುವಾಗ ಪ್ರತಿ ಬಟನ್ ಹತ್ತಿಪ್ಪತ್ತು ಸಲ ಒತ್ತಿ, ಲಿವರ್ ಆಡಿಸಿ. ಬರೀ ನಲ್ಲಿ ಕೆಳಗೆ ಹಿಡಿದರೆ ಸಂದಿನ ಉಪ್ಪು ಹೋಗುವುದಿಲ್ಲ. ದೋಣಿಯಲ್ಲಿ ಎಲ್ಲರಿಗೂ ಸೇರಿ ಇಡುವ ಬಕೆಟ್‌ನಲ್ಲಿ ಅದ್ದಿ ತೆಗೆಯಿರಿ ಅಷ್ಟೇ, ಅಲ್ಲೇ ಬಿಟ್ಟು ಹೋಗಬೇಡಿ. ಬೇರೆ ಕ್ಯಾಮೆರಾ ಬಡಿದು ಗಾಜು ಗೀಚುತ್ತದೆ, ಮಾಸ್ಕ್ ತೊಳೆದ ಶಾಂಪೂ ಕೂಡ ಅದೇ ನೀರಲ್ಲಿರುತ್ತದೆ. ನೆರಳಿನಲ್ಲಿ ಒಣಗಿಸಿ, ಕೈ-ತಲೆ ಒರೆಸಿಕೊಂಡು, ಮುಚ್ಚಳ ಕೆಳಮುಖವಾಗಿ ಹಿಡಿದು ತೆರೆಯಿರಿ. ಅಂಚಿನಲ್ಲಿ ಉಳಿದ ಹನಿ ಒಳಗಲ್ಲ, ಹೊರಗೆ ಬೀಳಲಿ. ಸ್ಪಿರಿಟ್, ಥಿನ್ನರ್, ಗಾಜು ಒರೆಸುವ ದ್ರವ ಪಾಲಿಕಾರ್ಬೊನೇಟ್‌ನಲ್ಲಿ ಕೂದಲೆಳೆಯಂಥ ಬಿರುಕು ಎಬ್ಬಿಸುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡುವುದೂ ಸಲ್ಲ.

ಅಂಡಮಾನ್, ಲಕ್ಷದ್ವೀಪಕ್ಕೆ ವಿಮಾನದಲ್ಲಿ ಒಯ್ಯುವವರು ಓ-ರಿಂಗ್ ತೆಗೆದು ಬೇರೆ ಪುಟ್ಟ ಚೀಲದಲ್ಲಿಟ್ಟು, ಬಕಲ್ ಹಾಕದೆ ಪ್ಯಾಕ್ ಮಾಡಬೇಕು. ನೆಲದಲ್ಲಿ ಮುಚ್ಚಿದ ಗಾಳಿ ಮೇಲೆ ಹೋದಾಗ ಹಿಗ್ಗಿ ಬಕಲ್ ಮೇಲೆ ಭಾರ ಹಾಕುತ್ತದೆ. ಹೆಚ್ಚಿನ ಬ್ಯಾಟರಿಗಳು ಕೈಚೀಲದಲ್ಲೇ ಇರಲಿ, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಅಲ್ಲಿ ತಲುಪಿದ ಸಂಜೆಯೇ ಓ-ರಿಂಗ್ ಮತ್ತೆ ಕೂರಿಸಿ, ಟಿಶ್ಯೂ ಇಟ್ಟು, ಹೋಟೆಲ್‌ನ ಬಕೆಟ್‌ನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿ.